ಸುಳಿ ಕೇಳಲು ಹೋಗಿ ಹೊಂಬಾಳೆ ತಂದದ್ದು

ಅರಸೀಕೆರೆ ಸಂತೆಯಲ್ಲಿ ಅಮ್ಮನ ಪಕ್ಕ ಕೂತು ಕೊತ್ತಂಬರಿ ಸೊಪ್ಪು ಮಾರಿ ಬೆಳೆದವಳು ನಾನು. ಚೌಕಾಸಿ ಮೊದಲು ಕಲಿತೆ, ಮಾಲಿಕ್ಯುಲರ್ ಬಯಾಲಜಿ ಆಮೇಲೆ. ಪ್ರಯೋಗಾಲಯಕ್ಕೆ ರಾಸಾಯನಿಕ ಕೊಳ್ಳುವಾಗಲೂ ಸಂತೆಯ ವಿದ್ಯೆಯೇ ಕೈಹಿಡಿದದ್ದು. ಸಂಶೋಧನೆಗೆ ಇಳಿಯುವ ಮಕ್ಕಳಿಗೆ ಈಗಲೂ ಹೇಳುತ್ತೇನೆ: ಮಾತು ಕುದುರದಿದ್ದರೆ ಚೀಲ ಹೆಗಲಿಗೇರಿಸಿ ಎದ್ದುಬಿಡಿ, ಹೊಸ್ತಿಲು ದಾಟುವ ಮೊದಲು ಅವರೇ ಕರೆಯುತ್ತಾರೆ.

ಈ ಉಪಾಯ ಒಮ್ಮೆ ಮಾತ್ರ ಕೈಕೊಟ್ಟಿತು, ಮಾದಿಹಳ್ಳಿಯಲ್ಲಿ.

ಅಲ್ಲೊಬ್ಬ ಅಜ್ಜಿಯ ತೋಟದಲ್ಲಿ ತೆಂಗಿನ ಮರಗಳು ಅಣಬೆ ರೋಗ ತಗುಲಿ, ಬುಡದಲ್ಲಿ ಕಂದು ಅಂಟು ಸುರಿಸುತ್ತ ಸತ್ತಿದ್ದವು. ನಡುವೆ ಒಂದೇ ಒಂದು ಮರ ಏನೂ ಆಗದಂತೆ ನಿಂತಿತ್ತು. ನನ್ನ ಸಂಶೋಧನಾ ಲೇಖನವೆಲ್ಲ ಆ ಮರದ ಮೇಲೇ ನಿಂತಿತ್ತು. ಆದರೆ ನಾನು ಮೊದಲ ಸಲ ತಂದದ್ದು ಬಲಿತ ಗರಿ. ಅದರ ಡಿಎನ್‌ಎ ಕೆಟ್ಟಿದೆ, ಎಳೆಯ ಭಾಗದಿಂದ ಮತ್ತೆ ತೆಗೆಯಿರಿ, ಮೂರು ವಾರ ಸಮಯ ಎಂದು ವಿಜ್ಞಾನ ಪತ್ರಿಕೆಯವರು ಬರೆದರು. ಲೇಖನ ಬಿದ್ದರೆ ನನಗೆ ಸಿಗಬೇಕಿದ್ದ ಪ್ರಾಧ್ಯಾಪಕಿ ಹುದ್ದೆಯೂ ಬಿದ್ದಂತೆ.

“ಅಜ್ಜಿ, ಸುಳಿಯಲ್ಲಿ ಬೆರಳುದ್ದ ಸಾಕು,” ಎಂದೆ.

“ಸುಳಿನಾ? ನಿಮ್ಮ ನೆತ್ತಿ ಕೂದ್ಲು ಬೆರಳುದ್ದ ಚರ್ಮದ ಸಮೇತ ಕೊಡಿ, ಆಮ್ಯಾಕೆ ನೋಡನ.”

“ಈ ಲೇಖನ ದೇಶವಿದೇಶದವರು ಓದ್ತಾರೆ.”

“ಓದಲಿ. ಸುಳಿ ಕುಯ್ದು ಮರ ಸತ್ರೆ ಅವರು ಬಂದು ನೀರು ಹೊಯ್ತಾರಾ?”

ನಾನು ಚೀಲ ಹೆಗಲಿಗೇರಿಸಿ ಎದ್ದೆ. ಅಜ್ಜಿ ರಸ್ತೆಯ ಕಡೆ ಕಿವಿಗೊಟ್ಟರು. “ಬಸ್ಸು ಬತ್ತೈತೆ. ಬಿರ್ರನೆ ಹೋಗ್ರವ್ವ, ಇದು ಹೋದ್ರೆ ಇನ್ನೊಂದು ಸಂಜೀಕೇಯ.”

ಹೊಸ್ತಿಲು ದಾಟಿದೆ. ಅಂಗಳ ದಾಟಿದೆ. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದೆ.

“ಕೂತ್ಕಳಿ,” ಎಂದರು ಅಜ್ಜಿ, ಲೋಟದಲ್ಲಿ ಮಜ್ಜಿಗೆ ಹಿಡಿದು. ಎರಡನೇ ಲೋಟ ಮೊದಲೇ ಬಗ್ಗಿಸಿಟ್ಟಿದ್ದರು. “ಸುಳಿ ಮುಟ್ಟಂಗಿಲ್ಲ. ಬಿಚ್ಚದ ಹೊಂಬಾಳೆ ಕೊಟ್ರೆ ಆಯ್ತದಾ?”

ಮರಕ್ಕೆ ಅಪಾಯವಿಲ್ಲದ ಎಳೆಯ ಭಾಗ! ಅಷ್ಟು ಓದಿದ ನನಗೆ ಇದು ಹೊಳೆದಿರಲಿಲ್ಲ. ಅಜ್ಜಿಗೆ ನಷ್ಟ ಒಂದು ಗೊನೆ ಕಾಯಿ. ಅದಕ್ಕೆ ಅವರ ಷರತ್ತು ಎರಡು. ಹೊಂಬಾಳೆಯನ್ನು ನೆಲಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು. ಅದು ಏನು ಹೇಳಿತೆಂದು ವಾಪಸು ಬಂದು ಒಂದೇ ಮಾತಿನಲ್ಲಿ ತಿಳಿಸಬೇಕು.

ಹಳೇಬೀಡಿನಲ್ಲಿ ಅರಸೀಕೆರೆ ಬಸ್ಸು ಹತ್ತಿದಾಗ ಹೊಂಬಾಳೆಗೆ ಅಜ್ಜಿ ಇಟ್ಟ ಅರಿಶಿನ ಕುಂಕುಮ ನೋಡಿ ಕಂಡಕ್ಟರ್ ಕೂಗಿದ: “ಮದ್ವೆ ಮನೆಯೋರು, ಜಾಗ ಬಿಡ್ರೀ!” ಪಕ್ಕದ ಹೆಂಗಸಿಗೆ ನಿಜ ಹೇಳಿದೆ, ಇದನ್ನು ಅರೆದು ಡಿಎನ್‌ಎ ತೆಗೆಯುತ್ತೇನೆ ಎಂದು.

“ಅಯ್ಯೋ ಶಿವನೆ, ಹೊಂಬಾಳೆನ ಅರೀತಾರಾ!”

ಇಡೀ ಬಸ್ಸು ತಿರುಗಿ ನೋಡಿತು. ತಮಾಷೆಗೆ ಅಂದೆ, ತಂಗಿ ಮದುವೆ ಎಂದು ತಿದ್ದಿದೆ. ನನಗೆ ತಂಗಿಯೇ ಇಲ್ಲ. ಅರಸೀಕೆರೆ ಬರುವಷ್ಟರಲ್ಲಿ ನಾನು ಕಟ್ಟಿ ಹೇಳಿದ ಮದುಮಗನ ಕೆಲಸ ಹಿಡಿಸದೆ ಆ ಹೆಂಗಸು, “ಇನ್ನೂ ಕಾಲ ಮಿಂಚಿಲ್ಲ, ಯೋಚ್ನೆ ಮಾಡಿ” ಎಂದು ಕೈ ಹಿಡಿದುಕೊಂಡಿದ್ದಳು.

ಹೊಂಬಾಳೆ ಅರೆದೆ. ಡಿಎನ್‌ಎ ಚೆನ್ನಾಗಿ ಬಂತು, ಲೇಖನ ಅಚ್ಚಾಯಿತು, ಹುದ್ದೆಯೂ ಸಿಕ್ಕಿತು. ಆ ಲೇಖನವನ್ನು ಉಲ್ಲೇಖಿಸಿದವರಲ್ಲಿ ಅರ್ಧ ಜನ ನಾನೇ ಎಂಬುದು ಬೇರೆ ಮಾತು.

ಷರತ್ತಿನಂತೆ ಮಾದಿಹಳ್ಳಿಗೆ ಹೋಗಿ, ದಾರಿಯುದ್ದ ಉರುಹೊಡೆದ ಒಂದು ಮಾತು ಒಪ್ಪಿಸಿದೆ: “ರೋಗ ತಡೆಯೋ ಗುಣ ಈ ಮರದ ರಕ್ತದಲ್ಲೇ ಇರಬಹುದು ಅಜ್ಜಿ.”

“ಇರಬೌದಾ?”

“ಇನ್ನೂ ನೋಡ್ಬೇಕು.”

ಅಜ್ಜಿ ಹಿತ್ತಿಲಿಗೆ ಕರೆದೊಯ್ದರು. ಅದೇ ಮರದ ಕಾಯಿಗಳು ಸಾಲಾಗಿ ಮೊಳೆತು ಸಸಿಯಾಗಿದ್ದವು. ಹಿಂದಿನ ಸಸಿಗಳನ್ನು ಪಕ್ಕದ ತೋಟಗಳವರು ಎಂದೋ ಒಯ್ದು ನೆಟ್ಟಿದ್ದರಂತೆ, ಇವು ಮುಂದಿನವರಿಗೆ. “ನಿಮ್ಮ ಇರಬೌದು ಹಣ್ಣಾಗಗಂಟ ಕಾಯ್ತಾ ಕೂತ್ಕಳಕ್ಕಾಯ್ತದಾ ತಾಯಿ?”

ನನ್ನ ಮುಂದಿನ ಸಂಶೋಧನೆ ಅಲ್ಲೇ ಸಾಲಾಗಿ ನಿಂತಿತ್ತು. ಹತ್ತು ಸಸಿ ಕೇಳಿದೆ.

“ಹತ್ತಾ! ಬನ್ನಿ, ಕೂತು ಮಾತಾಡನ.”

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಜ್ಜಿ ನನ್ನ ಮುಖ ನೋಡಿದರು. ನಾನು ಚೀಲವನ್ನು ಹೆಗಲಿನಿಂದ ಇಳಿಸಿ ಗೋಡೆಗೆ ಒರಗಿಸಿ, ಮಜ್ಜಿಗೆ ಕೇಳಿದೆ.