ದ್ವೀಪಕ್ಕೊಂದು ಉಡಿ

ಪ್ರವಾಸ ಹೋಗಿ ಬಂದವರನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತದೆ. ಮನಸ್ಸು ಹಗುರಾಯಿತು ಎನ್ನುತ್ತಾರೆ, ವರ್ಷದ ದಣಿವೆಲ್ಲ ಆರಿತು ಎನ್ನುತ್ತಾರೆ. ನಾನೂ ಹೋಗಿ ಬಂದವನೇ. ಹತ್ತಿರದ ಊರಿಗೇನಲ್ಲ, ನವಲಗುಂದದಿಂದ ಅಂಡಮಾನಕ್ಕೆ. ನನ್ನ ಮನಸ್ಸಿನ ಮಾತು ಬಿಡಿ, ಹಗುರಾದದ್ದು ನಾವು ಹೊತ್ತುಕೊಂಡು ಹೋದ ಒಂದು ಕೈಚೀಲ. ಆ ಚೀಲದ ಸಂಕಟವನ್ನು ಯಾರ ಮುಂದಾದರೂ ತೋಡಿಕೊಳ್ಳಬೇಕಲ್ಲ, ನೀವು ಸಿಕ್ಕಿದ್ದೀರಿ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ನಮ್ಮ ಕಡೆಯ ನೆಲ ಎತ್ತ ನೋಡಿದರೂ ಸಪಾಟು, ಕಪ್ಪು. ಬಾವಿ ತೋಡಿದರೆ ಸವುಳು ನೀರು ಬರುತ್ತದೆ, ಕುಡಿಯಲು ಕೆರೆಯೇ ಗತಿ. ಇಂಥಲ್ಲಿ ಹುಟ್ಟಿದವನಿಗೆ ಸುತ್ತಲೂ ನೀರಿರುವ ನೆಲದ ಮೇಲೆ ಆಸೆಯಾದರೆ ಅದು ಸಹಜವೋ ರೋಗವೋ ನೀವೇ ಹೇಳಿ. ದ್ವೀಪವೆಂದರೆ ಎಷ್ಟೋ ಕಡೆ ಮುಳುಗಿದ ಬೆಟ್ಟದ ನೆತ್ತಿ, ಹವಳವೆಂದರೆ ಕಲ್ಲಲ್ಲ, ಕೋಟ್ಯಂತರ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ ಎಂದು ಒಂಬತ್ತನೆಯ ಇಯತ್ತೆಯ ಹುಡುಗರಿಗೆ ವರ್ಷ ವರ್ಷವೂ ಹೇಳಿದ್ದೇ ಹೇಳಿದ್ದು. ಕಣ್ಣಾರೆ ಕಾಣದ್ದನ್ನು ಕಂಡವನ ಹಾಗೆ ಹೇಳುವುದಕ್ಕೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ದ್ವೀಪದಿಂದ ದ್ವೀಪಕ್ಕೆ ಹೋಗಬೇಕು, ಸಮುದ್ರದ ನೀರು ಇಳಿದಾಗ ಮೇಲೇಳುವ ಜೀವಂತ ಹವಳದ ದಿಬ್ಬವನ್ನು ಒಮ್ಮೆ ನೋಡಬೇಕು. ಇಷ್ಟೇ ನನ್ನ ಆಸೆ. ಆಸ್ತಿ ಕೇಳಿರಲಿಲ್ಲ, ಅಧಿಕಾರ ಕೇಳಿರಲಿಲ್ಲ.

ಎಂಬತ್ತರ ದಶಕದ ನಡುವೆ ಕೊನೆಗೂ ಯೋಗ ಕೂಡಿ ಬಂತು. ಅಂಡಮಾನ ಎಂದ ಕೂಡಲೇ ಓಣಿಯ ಹಿರಿಯರಿಗೆ ಕರಿನೀರಿನ ಶಿಕ್ಷೆ ನೆನಪಾಯಿತು. ಬಾಜು ಮನೆಯ ಫಕೀರಪ್ಪ ಕಾಕಾ ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟ: "ಅಲ್ಲಿಗೆ ಸರಕಾರದವ್ರು ಬೇಡಿ ಹಾಕಿ ಕಳಸ್ತಿದ್ರು. ನೀವು ನೋಡಿದ್ರ ರಜಾ ಹಾಕಿ ಹೊಂಟೀರಿ. ಮಳಿಗಾಲದಾಗ ಬೆಣ್ಣಿಹಳ್ಳ ಬಂತಂದ್ರ ನಮ್ಮೂರೇ ದ್ವೀಪ ಆಗತೈತಿ. ಮನ್ಯಾಗ ಕುಂತು ನೋಡ್ರಿ ಮಾಸ್ತರ." ಈ ಮಾತನ್ನು ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಹೆಂಗಸರಿಂದ ಬಂತು.

ನಮ್ಮ ಕಡೆ ದೊಡ್ಡ ನೀರನ್ನು ಯಾರೂ ಬರಿಗೈಲಿ ದಾಟುವುದಿಲ್ಲ. ಬಸ್ಸು ಮಲಪ್ರಭೆಯ ಸೇತುವೆ ಹತ್ತಿದರೆ ಕಿಟಕಿಯಿಂದ ನಾಣ್ಯ ಹಾರುತ್ತದೆ. ಹೊಳೆಯವರೆಗೆ ನಡೆದು ಹೋದರಂತೂ ಗಂಗವ್ವನಿಗೆ ಉಡಿ ತುಂಬಲೇಬೇಕು. ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಹಾಕುವುದನ್ನೆಲ್ಲ ನೀರಿಗೂ ಹಾಕಿ, ಬೇಡಿಕೊಳ್ಳುವುದನ್ನು ಬೇಡಿಕೊಂಡು ಬರುವುದು. ಎಲ್ಲ ಹೊಳೆಗಳೂ ಕಡೆಗೆ ಸಮುದ್ರ ಸೇರುತ್ತವೆ ಎಂದು ಓಣಿಯ ಹುಡುಗರಿಗೆ ಕಲಿಸಿದವನು ನಾನೇ. ಹಾಗಾದರೆ ಸಮುದ್ರವೇ ಎಲ್ಲ ಗಂಗವ್ವಂದಿರ ಹಿರಿಯಕ್ಕ ಎಂದು ಅವರ ತಾಯಂದಿರು ಲೆಕ್ಕ ಹಾಕಿದರು. ಒಬ್ಬೊಬ್ಬರಾಗಿ ಬಂದು ಒಂದೊಂದು ಗಂಟನ್ನು ನನ್ನ ಜೊತೆ ಹೊರಟಿದ್ದ ಹೆಂಡತಿಯ ಕೈಗೆ ಕೊಟ್ಟರು. ಕುಬಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಹಸಿರು ಬಳೆ. ಗಂಟಿನ ಜೊತೆಗೆ ಒಂದೊಂದು ಬೇಡಿಕೆ. ಮಗಳಿಗೆ ವರ, ಸೊಸೆಗೆ ಕೂಸು, ಗಂಡನ ಮಂಡಿನೋವು. ಚೀಲದಲ್ಲಿದ್ದ ನನ್ನ ದುರ್ಬೀನು ಹೊರಗೆ ಬಿತ್ತು, ಗಂಟುಗಳು ಒಳಗೆ ಹೋದವು.

ಹಡಗಿನಲ್ಲಿ ನಾನು ವಾಂತಿ ಮಾಡಿಕೊಂಡು ಮಲಗಿದೆ, ಆಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದುಕೊಂಡು ಗಟ್ಟಿಯಾಗಿ ಕುಳಿತಿದ್ದಳು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ದಂಡೆಗೆ ಇಳಿದ ಕೂಡಲೇ ಆಕೆ ನನ್ನ ಕೈ ಬಿಗಿಯಾಗಿ ಹಿಡಿದಳು. ಕೆರೆಯ ಮೆಟ್ಟಿಲು ಬಿಟ್ಟು ಬೇರೆ ನೀರಿಗೆ ಕಾಲಿಟ್ಟವಳಲ್ಲ, ತೆರೆ ಕಂಡರೆ ಎದೆ ಹಾರುತ್ತಿತ್ತು. ಮೊಣಕಾಲು ಮಟ ನೀರಿನಲ್ಲಿ ನಿಂತು ಮೊದಲ ಉಡಿಯನ್ನು ಬಿಟ್ಟಳು. ಕಣ್ಣು ಮುಚ್ಚಿ ಕೈ ಮುಗಿದು ಕಣ್ಣು ತೆರೆಯುವಷ್ಟರಲ್ಲಿ ತೆರೆ ಆ ಖಣವನ್ನು ತಂದು ಆಕೆಯ ಕಾಲಿಗೇ ಸುತ್ತಿತು.

ಹೊಳೆ ತೆಗೆದುಕೊಂಡದ್ದನ್ನು ಮರಳಿ ಕೊಡುವುದಿಲ್ಲ. ಸಮುದ್ರ ಕೊಡುತ್ತದೆ ಎಂದು ನಮ್ಮೂರಿನ ಯಾವ ಹೆಂಗಸಿಗೂ ಗೊತ್ತಿರಲಿಲ್ಲ. ಆಕೆಯ ಮುಖ ಸಣ್ಣದಾಯಿತು. "ಒಲ್ಲೆ ಅಂದ್ಲಲ್ರಿ ಗಂಗವ್ವ" ಎಂದಳು. ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಾಸ್ತರಿಕೆ ಸುಮ್ಮನಿರಗೊಡಲಿಲ್ಲ. ಚಂದ್ರನ ಸೆಳೆತ, ಉಬ್ಬರ, ಇಳಿತ ಎಲ್ಲವನ್ನೂ ವಿವರಿಸಿ, ಈಗ ನೀರು ಏರುತ್ತಿದೆ, ಅದಕ್ಕೇ ಮರಳಿ ತಂದಿತು, ಇಳಿಯುವಾಗ ಬಿಟ್ಟರೆ ಒಳಗೆ ಒಯ್ಯುತ್ತದೆ ಎಂದೆ. ಜೀವಮಾನದಲ್ಲಿ ನನ್ನ ಪಾಠವನ್ನು ಅಷ್ಟು ಲಕ್ಷ್ಯಗೊಟ್ಟು ಕೇಳಿದವರು ಬೇರೆ ಯಾರೂ ಇಲ್ಲ. "ಹಂಗಾರ ಇಳಿಯೂತನಕ ಕುಂಡ್ರೂಣು" ಎಂದು ಮರಳಿನ ಮೇಲೆ ಕುಳಿತಳು.

ಆಮೇಲೆ ಎಲ್ಲ ದ್ವೀಪಗಳಲ್ಲೂ ಇದೇ ಹಾಡು. ಜೊತೆಯ ಪ್ರವಾಸಿಗಳು ಕಾಡು ನೋಡಲು ಹೋಗುತ್ತಿದ್ದರು, ನಾವು ನೀರು ಇಳಿಯುವುದನ್ನು ಕಾಯುತ್ತಿದ್ದೆವು. ಅವರು ಊಟಕ್ಕೆ ಕೂಡುವ ಹೊತ್ತಿಗೆ ನಾವು ಮಂಡಿನೋವಿನ ಉಡಿ ಹಿಡಿದು ಸಮುದ್ರದಲ್ಲಿ ನಿಂತಿರುತ್ತಿದ್ದೆವು. ಎಲ್ಲವನ್ನೂ ಒಮ್ಮೆಲೇ ಬಿಟ್ಟುಬಿಡು ಮಾರಾಯ್ತಿ ಎಂದು ಗೋಗರೆದೆ. "ಸಂತಿ ಚೀಲ ಸುರುವಿದಂಗ ಸುರುವಾಕ ಬರತೈತೇನ್ರಿ? ಒಬ್ಬೊಬ್ಬರದು ಒಂದೊಂದು ಐತಿ" ಎಂದಳು. ಗಂಟಿನ ಮೇಲೆ ಹೆಸರಿರಲಿಲ್ಲ. ಖಣದ ಅಂಚು ನೋಡಿಯೇ ಇದು ಇಂಥವರದು ಎಂದು ಹೇಳುತ್ತಿದ್ದಳು. ಒಂದು ಕಡೆ ಬಾವಿಯ ನೀರು ಕುಡಿದು, "ಅಗದಿ ನಮ್ಮ ಬಾವಿ ನೀರಿನಂಗ ಸವುಳು ಐತಿ" ಎಂದು ಖುಷಿಪಟ್ಟಳು. ಅಷ್ಟು ದೂರ ಹೋಗಿ ನಮ್ಮ ಬಾವಿಯ ನೀರು ಕುಡಿದು ಬಂದ ಪುಣ್ಯವಂತ ನಾನು.

ಕಡೆಯ ದಿನ ಕಡೆಯ ದ್ವೀಪ. ಹವಳದ ದಿಬ್ಬವಿದ್ದದ್ದು ಅಲ್ಲಿಯೇ. ನೀರು ಇಳಿಯುತ್ತಿತ್ತು. ದೋಣಿಯವನು ಎಲ್ಲರನ್ನೂ ಕರೆದ, ನೀರು ತಿರುಗುವುದರೊಳಗೆ ಹೋಗಿ ಬರಬೇಕು ಎಂದ. ನಾನು ಪಾಯಜಾಮ ಏರಿಸಿ ಎಲ್ಲರಿಗಿಂತ ಮುಂದೆ ನಿಂತಿದ್ದೆ. ಹಿಂದಿನಿಂದ ದನಿ ಬಂತು: "ಇನ್ನೊಂದು ಉಳದೈತ್ರಿ."

ನನಗೆ ನಿಜವಾಗಿಯೂ ರೇಗಿತು. "ಯಾರದು?" ಎಂದೆ.

"ಬಸವ್ವಂದು."

ಬಸವ್ವ ನಮ್ಮ ಎದುರು ಮನೆಯಾಕೆ. ಓಣಿಗೆ ಕೆರೆಯ ನೀರು ಬರುವ ನಲ್ಲಿಗೆ ಕೊಡ ಹಚ್ಚುವ ಪಾಳಿಗಾಗಿ ಆಕೆಗೂ ನನ್ನ ಹೆಂಡತಿಗೂ ಜಗಳವಾಗಿ ಎಷ್ಟೋ ವರ್ಷಗಳಿಂದ ಮಾತಿಲ್ಲ, ಕಥೆಯಿಲ್ಲ. ಒಬ್ಬಳು ಕಸ ಹೊಡೆಯಲು ಹೊರಗೆ ಬಂದರೆ ಇನ್ನೊಬ್ಬಳು ಒಳಗೆ ಹೋಗುತ್ತಾಳೆ. "ಆಕಿದು ಎಲ್ಲೆರ ಒಗದು ಬಾ. ಯಾರು ನೋಡ್ತಾರ ಇಲ್ಲಿ?" ಎಂದೆ.

"ನಾವು ಬಸ್ಸಿಗೆ ಹೊಂಟಾಗ ಬಂದು ಕೈಯಾಗ ಇಟ್ಟು ಹೋದ್ಳು. ಏನ್ ಬೇಡ್ಕೊಬೇಕು ಅಂತನೂ ಹೇಳ್ಲಿಲ್ಲ. ಮಾತಿಲ್ಲದಾಕಿ ನನ್ನ ನಂಬಿ ಕೊಟ್ಟಾಳ, ಒಗಿಯಾಕ ಹೆಂಗ ಬರತೈತಿ? ನೀವು ಹೋಗ್ರಿ, ನಾನೊಬ್ಬಾಕೀನ ಬಿಟ್ಟು ಬರ್ತೀನಿ."

ಹೋಗ್ರಿ ಎಂದಳಲ್ಲ, ಹೊರಟೇಬಿಟ್ಟೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ್ದೇ ತಪ್ಪಾಯಿತು. ಆಕೆ ಸೀರೆ ಎತ್ತಿ ಕಟ್ಟಿ, ಗಂಟನ್ನು ಎದೆಗೆ ಒತ್ತಿಕೊಂಡು ನೀರಿಗೆ ಇಳಿಯುತ್ತಿದ್ದಳು. ತೆರೆ ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದಿಡುತ್ತಿದ್ದಳು. ಆಕೆಯನ್ನು ಬೈದೆ, ಬಸವ್ವನನ್ನು ಬೈದೆ, ನಲ್ಲಿ ಹಾಕಿಸಿದವರನ್ನು ಬೈದೆ. ಬೈಯುತ್ತಲೇ ಮರಳಿ ಹೋಗಿ ಕೈ ಹಿಡಿದೆ. ಹಿಂದಿನ ದಿನಗಳಿಗಿಂತ ಎಷ್ಟೋ ಮುಂದೆ, ನಡುಮಟ ನೀರಿಗೆ ಹೋದಳು. "ಅಕಿ ಏನ್ ಬೇಡ್ಯಾಳೋ ಅದನ್ನ ಕೊಡವ್ವ" ಎಂದು ಗಂಟನ್ನು ಬಿಟ್ಟಳು. ಅದು ಮೆಲ್ಲಗೆ ದೂರ ಹೋಯಿತು, ಮರಳಿ ಬರಲಿಲ್ಲ. ಬಾರದೆಂದು ಖಾತ್ರಿಯಾಗುವವರೆಗೆ ಆಕೆ ಅಲ್ಲಿಂದ ಕದಲಲಿಲ್ಲ. ಆಗ ಮಾತ್ರ ಆಕೆ ತಲೆಯೆತ್ತಿ ಸುತ್ತಲೂ ನೋಡಿ, "ಎಷ್ಟ್ ಛಂದ ಐತ್ರಿ ಇದು" ಎಂದಳು. ಅಷ್ಟರಲ್ಲಿ ನೀರು ತಿರುಗಿತ್ತು. ದಿಬ್ಬ ನೋಡಿದವರು ಬಣ್ಣಗಳ ವರ್ಣನೆ ಮಾಡುತ್ತ ದೋಣಿ ಹತ್ತುತ್ತಿದ್ದರು. ನನಗೆ ಅಳು ಬಂತು, ಮುಖವೆಲ್ಲ ಉಪ್ಪು ನೀರೇ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಊರಿಗೆ ಬಂದ ಮರುದಿನ ಬಸವ್ವ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತಳು. "ತಗೊಂಡ್ಲೇನ?" ಎಂದು ಕೇಳಿದಳು.

"ತಗೊಂಡ್ಲು. ಅಲ್ಲೇ ಯಾಕ ನಿಂತಿ, ಒಳಗ ಬಾ" ಎಂದಳು ನನ್ನ ಹೆಂಡತಿ. ಬಸವ್ವ ಒಳಗೆ ಬಂದು ಕುಳಿತಳು.

ನನಗೆ ತಡೆಯಲಿಲ್ಲ. ನನ್ನ ಹವಳವನ್ನು ನುಂಗಿದ ಬೇಡಿಕೆ ಯಾವುದೆಂದು ತಿಳಿಯುವ ಹಕ್ಕಾದರೂ ನನಗಿತ್ತು. "ಏನ್ ಬೇಡ್ಕೊಂಡಿದ್ದಿ ಬಸವ್ವ?" ಎಂದೆ.

"ಏನೂ ಇಲ್ರಿ ಮಾಸ್ತರ" ಎಂದಳು. "ಈಕಿ ಮುಟ್ಟಸ್ತಾಳೋ ಇಲ್ಲೋ ನೋಡೂಣು ಅಂತ ಕೊಟ್ಟಿದ್ದೆ."

ನನ್ನ ಹೆಂಡತಿ ನಕ್ಕಳು. ಬಸವ್ವನೂ ನಕ್ಕಳು. ನಾನು ನಗಲಿಲ್ಲ. ಎದುರುಬದುರು ಬಾಗಿಲುಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ದಾರಿ. ಅದನ್ನು ದಾಟುವುದಕ್ಕೆ ಈ ಇಬ್ಬರಿಗೆ ಬಂಗಾಳ ಕೊಲ್ಲಿ ಬೇಕಾಯಿತು, ಜೊತೆಗೆ ನಾನೂ ಬೇಕಾದೆ. ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಕಪ್ ಚಹಾ ಬಂದರೆ ಇಳಿದೀತೆಂದು ಪಡಸಾಲೆಯಲ್ಲಿ ಕುಳಿತು ದಿನವೂ ಕೂಗುತ್ತೇನೆ. "ತಡೀರಿ, ಬಸವ್ವ ಮಾತಾಡಾಕತ್ತಾಳ" ಎಂದು ಅಡಿಗೆಮನೆಯಿಂದ ಉತ್ತರ ಬರುತ್ತದೆ.