ಅಕ್ಕ ದಾರ ಹಿಡಿದು ತೆಗೆದ ಫೋಟೋಗಳು

ನಮ್ಮಕ್ಕನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವುದೆಂದರೆ ಕೂತ ಸ್ಟೂಲಿನ ಮೇಲೆ ಬೇರು ಬಿಡಬೇಕು. ಉಳಿದ ಅಂಗಡಿಯವರಿಗೆ ಮುಖ ಸಿಕ್ಕರೆ ಸಾಕು. ಇವಳಿಗೆ ಕಣ್ಣಿನ ರೆಪ್ಪೆಗೂದಲು ಒಂದೊಂದೂ ಎಣಿಸುವಂತೆ ಬರಬೇಕು. ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಕಾಲ ಬಂದರೂ ಇವಳು ಅದಕ್ಕೆ ಬಿಟ್ಟುಕೊಟ್ಟವಳಲ್ಲ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿ, ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟೇ ತಿರುಗಿಸುವುದು ಇಪ್ಪತ್ತಾರು ವರ್ಷದ ಹಟ. ಬೀದಿಯವರು ಅವಳಿಗೆ ರೆಪ್ಪೆಯಮ್ಮ ಎಂದೇ ಹೆಸರಿಟ್ಟಿದ್ದಾರೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಅಲ್ಲಾಡದೆ ಕೂರೋ ಗಂಡು ಇನ್ನೂ ಹುಟ್ಟಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ.

ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವವಳು ನಾನು, ಅವಳ ತಂಗಿ. ಒಂದು ದಿನ ಒಬ್ಬ ಟೀಚರಮ್ಮನ ಫೋಟೋ ದೊಡ್ಡದು ಮಾಡಿ ನೋಡಿದೆ. ಓಲೆಯ ಕಲ್ಲಿನ ಗೀರು ಕೂಡ ಸ್ಪಷ್ಟವಾಗಿತ್ತು, ಕಣ್ಣೆರಡೂ ಮಸುಕು. ಪಾಪ, ಅವರೇ ಅಲುಗಿರಬೇಕು ಎಂದುಕೊಂಡೆ. ಆ ವಾರ ಅಂಥವು ಹನ್ನೊಂದು ಸಿಕ್ಕವು. ಅಕ್ಕನಿಗೆ ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ.

ಮುಂದಿನ ವಾರ ಫೋಟೋಗಳು ಮತ್ತೆ ಸರಿಹೋದವು. ಅದು ಇನ್ನೂ ಹೆದರಿಕೆಯ ವಿಷಯ. ಪರದೆ ಸರಿಸಿ ಇಣುಕಿದರೆ ಅಕ್ಕ ಸ್ಟ್ಯಾಂಡಿನ ಮೇಲಿನ ಕ್ಯಾಮೆರಾಗೆ ಅಲ್ಲಲ್ಲಿ ಗಂಟು ಹಾಕಿದ ಒಂದು ದಾರ ಕಟ್ಟಿದ್ದಳು. ಅದನ್ನು ಗಿರಾಕಿಯ ಕಣ್ಣಿನ ಹತ್ತಿರಕ್ಕೆ ಎಳೆದು, ಗಂಟುಗಳನ್ನು ಬೆರಳಲ್ಲಿ ಎಣಿಸಿ, ಬಳೆಯ ಮೇಲೆ ಅಂಟಿಸಿದ್ದ ಟೇಪಿನ ಗುರುತನ್ನು ತಡವಿ ಅಲ್ಲಿಗೆ ತಿರುಗಿಸುತ್ತಿದ್ದಳು. "ಹಳೇ ಪದ್ಧತಿ, ಚೆನ್ನಾಗಿ ಬರುತ್ತೆ" ಎಂದು ಅವರಿಗೆ ಸಮಜಾಯಿಷಿ ಬೇರೆ.

ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಕೇಳಿಯೇಬಿಟ್ಟೆ. "ಏನಕ್ಕಾ ಇದು ದಾರ?"

"ಬಲಗಣ್ಣಿನ ನಡುವೆ ಏನೋ ಕಪ್ಪು ಕೂತಿದೆ ಕಣೇ. ಯಾರನ್ನ ನೋಡಿದ್ರೂ ಕಿವಿ ಕಾಣುತ್ತೆ, ಮುಖ ಕಾಣಲ್ಲ."

"ಎಡಗಣ್ಣಲ್ಲಿ ನೋಡು ಮತ್ತೆ."

ಅವಳು ಬಲಗಣ್ಣು ಮುಚ್ಚಿ ಬಾಗಿಲ ಕಡೆ ನೋಡಿದಳು. "ಅದರಲ್ಲೂ ಬಾಗಿಲ ಚೌಕಟ್ಟು ಸೊಟ್ಟ ಕಾಣ್ತಿದೆ. ನಾಲ್ಕು ದಿನ ಆಯ್ತು."

ಕಣ್ಣಾಸ್ಪತ್ರೆಗೆ ಫೋನ್ ಮಾಡಿದೆ. ಇವತ್ತೇ ಕರೆದುಕೊಂಡು ಬನ್ನಿ ಎಂದರು. ಹೋದದ್ದು ಮರಳುವುದು ಕಷ್ಟ, ತಡ ಮಾಡದಿದ್ದರೆ ಇನ್ನೊಂದು ಕಣ್ಣನ್ನು ಉಳಿಸಬಹುದು, ಬಹುಶಃ ಕಣ್ಣಿಗೇ ಇಂಜೆಕ್ಷನ್ ಕೊಡಬೇಕಾಗುತ್ತದೆ ಎಂದರು. ಫೋನಿಟ್ಟು ನಾನು ಕಣ್ಣಿಗೆ ಸೂಜಿ ಎಂದದ್ದೇ ತಡ, ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ನಾನು ಬರಲ್ಲ. ಕಣ್ಣು ಹೋಯ್ತು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ರೆ ಮುಗೀತು. ಈಗ ದಾರದಲ್ಲಿ ನಡೀತಿದೆಯಲ್ಲ."

ಎರಡು ದಿನ ಬೈದೆ, ಅಂಗಲಾಚಿದೆ, ಊಟ ಬಿಟ್ಟೆ. ಕಲ್ಲಾದರೂ ಕರಗುತ್ತಿತ್ತೇನೋ! ಅವಳು ಲೋಟಕ್ಕೆ ಕೈ ಚಾಚಿದಾಗಲೆಲ್ಲ ಕೈ ಪಕ್ಕಕ್ಕೆ ಹೋದೀತೆಂದು ನಾನು ಲೋಟವನ್ನೇ ಅವಳ ಕೈಗೆ ಸರಿಸುತ್ತಿದ್ದೆ. ಅಕ್ಕನ ಮೇಲೆ ಸಿಟ್ಟೂ ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಭಯ.

ಮೂರನೆಯ ಬೆಳಿಗ್ಗೆ ಅವಳೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ನಿನ್ನ ರೆಪ್ಪೆ ಒಂದೊಂದೂ ಎಣಿಸೋ ಹಾಗೆ ಫೋಟೋ ತೆಗೆದು ತೋರಿಸ್ತೀನಿ. ಆಮೇಲೆ ಆಸ್ಪತ್ರೆ ಸುದ್ದಿ ಎತ್ತಕೂಡದು."

ದಾರ ನನ್ನ ಕೆನ್ನೆಗೆ ತಾಗಿತು. ಅವಳು ಗಂಟು ಎಣಿಸಿದಳು, ಕ್ಯಾಮೆರಾದ ಹಿಂದೆ ಸರಿದು ಬಳೆ ತಿರುಗಿಸಿದಳು, ಅಭ್ಯಾಸದಂತೆ ಎಡಗಣ್ಣು ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ಅತ್ತೆ. ತುಟಿ ಸೊಟ್ಟಗಾಗಿ ಗಲ್ಲದವರೆಗೂ ನೀರಿಳಿಯಿತು.

"ಹಾಂ, ಹಾಗೇ ಇರು" ಎಂದಳು ಅಕ್ಕ, ಕ್ಯಾಮೆರಾದ ಹಿಂದಿನಿಂದ. "ನೀನು ಹೀಗೆ ನಕ್ಕು ಎಷ್ಟು ದಿನ ಆಗಿತ್ತೇ."

ಕ್ಲಿಕ್ ಎಂದಿತು.

ಗೆದ್ದವಳಂತೆ ಅವಳೇ ಕಂಪ್ಯೂಟರ್ ಮುಂದೆ ಕೂತು ನನ್ನ ಕಣ್ಣನ್ನು ಪರದೆ ತುಂಬ ದೊಡ್ಡದು ಮಾಡಿದಳು. ಮೂಗು ತಾಗುವಷ್ಟು ಹತ್ತಿರ ಹೋಗಿ, ತಲೆ ಓರೆ ಮಾಡಿ, ಎಡಗಣ್ಣಲ್ಲಿ ನೋಡಿದಳು. ರೆಪ್ಪೆಗೂದಲು ಒಂದೊಂದೂ ಎಣಿಸುವಂತಿತ್ತು. ಅವುಗಳ ಬುಡದಲ್ಲಿ ನೀರು ತುಂಬಿತ್ತು, ಒಂದು ಹನಿ ಜಾರುತ್ತಿತ್ತು.

ಅವಳು ತುಂಬ ಹೊತ್ತು ಅದನ್ನೇ ನೋಡಿದಳು. ಆಮೇಲೆ ತಿರುಗಿ ನನ್ನ ಕೆನ್ನೆಯನ್ನು ಅಂಗೈಯಲ್ಲಿ ಮುಟ್ಟಿದಳು. ಇನ್ನೂ ಒದ್ದೆಯಿತ್ತು.

"ಆಸ್ಪತ್ರೆ ಎಷ್ಟು ಗಂಟೆ ತನಕ ಇರುತ್ತೆ?" ಎಂದಳು. "ಒಳಗೂ ನನ್ನ ಜೊತೆ ಬರ್ತೀಯಲ್ಲ?"