ರೈಟ್ ಪೋಯಿ, ರೈಟ್ ಪೋಂಡು

ಕತಾರಿನಲ್ಲಿ ಎಂಥ ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ತನಿಯಣ್ಣ, "ಝೀರೋ ಮಾಡುವುದು" ಎನ್ನುತ್ತಾರೆ. ಕೇಳಿದವರು, ಇಷ್ಟು ವರ್ಷ ಅಲ್ಲಿದ್ದೂ ಪಾಪ ಎಂಬ ಮುಖ ಮಾಡಿ ಚಹಾಕ್ಕೆ ಹೇಳುತ್ತಾರೆ.

ಅವರು ಹೇಳಿದ್ದು ಸುಳ್ಳಲ್ಲ. ದೋಹಾದ ಹೊರವಲಯದಲ್ಲಿರುವ ಒಂದು ಶೂಟಿಂಗ್ ಕ್ಲಬ್ಬಿನ ಆಯುಧದ ಕೋಣೆಯಲ್ಲಿ ಅವರು ಮೆಕ್ಯಾನಿಕ್. ಅಲ್ಲಿ ಪಿಸ್ತೂಲುಗಳೆಲ್ಲ ಕ್ಲಬ್ಬಿನವು. ಸದಸ್ಯರು ಬರುತ್ತಾರೆ, ಹಾರಿಸುತ್ತಾರೆ, ಒಪ್ಪಿಸಿ ಹೋಗುತ್ತಾರೆ. ಪಿಸ್ತೂಲಿನ ಮೇಲೆ ಎರಡು ಸೈಟ್ ಇರುತ್ತವೆ: ಮೂತಿಯ ಹತ್ತಿರ ಒಂದು ಸಣ್ಣ ಕಂಬ, ಹಿಂದೆ ಒಂದು ಸಣ್ಣ ಕಚ್ಚು. ಕಚ್ಚಿನ ನಡುವೆ ಕಂಬ ಕಾಣುವಂತೆ ಗುರಿ ಹಿಡಿದರೆ ಗುಂಡು ಅಲ್ಲಿಗೇ ಹೋಗಬೇಕು. ಸಾಮಾನ್ಯವಾಗಿ ಹೋಗುವುದಿಲ್ಲ. ಕಣ್ಣು ಹೇಳಿದ ಜಾಗಕ್ಕೂ ಗುಂಡು ಹೋದ ಜಾಗಕ್ಕೂ ಇರುವ ಅಂತರವನ್ನು ಸೈಟಿನ ತಿರುಪು ತಿರುಗಿಸಿ ಸೊನ್ನೆಗೆ ತರುವುದೇ ಝೀರೋ. ತಂದ ಮೇಲೆ ಪಿಸ್ತೂಲಿಗೊಂದು ಚೀಟಿ ಕಟ್ಟಿ ತನಿಯಣ್ಣ ಸಹಿ ಹಾಕಬೇಕು. ಆ ಸಹಿ ಇಲ್ಲದ ಪಿಸ್ತೂಲು ಕಪಾಟಿನಿಂದ ಹೊರಬರುವುದಿಲ್ಲ.

ಮೂಡುಬಿದಿರೆಯ ಕಡೆಯವರು. ಹರೆಯದಲ್ಲಿ ಎರಡು ವರ್ಷ ಕಾರ್ಕಳದ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಆಮೇಲೆ ಮಾವನ ಅಂಗಡಿಯಲ್ಲಿ ವಾಚ್ ರಿಪೇರಿ ಕಲಿತರು, ಅದೇ ಕೆಲಸಕ್ಕೆ ದೋಹಾಕ್ಕೆ ಬಂದರು. ಜನ ಮೊಬೈಲಿನಲ್ಲಿ ಗಂಟೆ ನೋಡಲು ಶುರು ಮಾಡಿದ ಮೇಲೆ, ವಾಚಿನ ಆ ಸಣ್ಣ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಹಿಡಿದುಕೊಂಡೇ ಕ್ಲಬ್ಬಿಗೆ ಸೇರಿದರು. ಹದಿನೆಂಟು ವರ್ಷ ಆಯಿತು. ತನ್ನ ಕೈಯ ಬಗ್ಗೆ ಅವರಿಗೆ ಹೆಮ್ಮೆ. ಕಣ್ಣಿನ ಬಗ್ಗೆ ಅದಕ್ಕಿಂತ ಹೆಚ್ಚು. ಯಾವ ಸೈಟ್ ಬಂದರೂ ಅದರ ಜೊತೆಗಿನ ಸೂಚನೆಯ ಕಾಗದವನ್ನು ಓದದೆ ಕಸದ ಬುಟ್ಟಿಗೆ ಎಸೆಯುವುದು ಅವರ ಪದ್ಧತಿ.

"ಕಾಗದ ಓದಿ ಕೆಲಸ ಮಾಡುವುದಾದರೆ ನಾನು ಯಾಕೆ? ಪೇಪರ್ ಹಾಕುವವನನ್ನೇ ಇಟ್ಟುಕೊಳ್ಳಲಿ" ಎನ್ನುತ್ತಾರೆ.

ಆದರೆ ಒಂದು ವರ್ಷದಿಂದ ಆ ಕಣ್ಣು ಸ್ವಲ್ಪ ಸ್ವಲ್ಪವೇ ಕೈಕೊಡುತ್ತಿತ್ತು. ಐವತ್ತೆರಡು ವಯಸ್ಸು. ಮುಂದಿನ ಕಂಬದ ಅಂಚು ಅಂಗಡಿಯ ಹಳೆಯ ಬೋರ್ಡಿನ ಹಾಗೆ ಮಸುಕಾಗುತ್ತಿತ್ತು. ಔಷಧಿ ಸ್ಟ್ರಿಪ್ಪಿನ ಮೇಲಿನ ಅಕ್ಷರ ಓದಲು ಕೈ ಸಾಲುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿ ಶರ್ಮಿಳಾಗೂ. ಹೀಗಿರುವಾಗ ಒಂದು ಭಾನುವಾರ ಕ್ಲಬ್ಬಿನ ಆಫೀಸಿನ ಜರ್ಟ್ರೂಡ್ ಬಾಯಮ್ಮ ಒಂದು ಕಾಗದ ತಂದುಕೊಟ್ಟರು. ಕಿನ್ನಿಗೋಳಿಯವರು. ಕ್ಲಬ್ಬಿನಲ್ಲಿ ಏನು ಬಿದ್ದರೂ ಹೆಕ್ಕಿ ಫೈಲು ಮಾಡುವವರು. ಹೊಸ ಮ್ಯಾನೇಜರರ ಆದೇಶ: ಕಾಂಟ್ರಾಕ್ಟ್ ಮುಂದುವರಿಯಬೇಕಾದರೆ ಆಯುಧದ ಕೋಣೆಯವರು ಕಣ್ಣಿನ ಸರ್ಟಿಫಿಕೇಟ್ ತರಬೇಕು. ಮುಂದಿನ ಭಾನುವಾರದೊಳಗೆ.

"ಸುಮ್ಮನೆ ಒಂದು ಫಾರ್ಮಾಲಿಟಿ ಮಾರಾಯ" ಎಂದರು ಬಾಯಮ್ಮ. "ನಿನಗೆಂಥ ಹೆದರಿಕೆ, ಹದ್ದಿನ ಕಣ್ಣು."

ಹದ್ದು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಅದೇ ದಿನ ರಿತೇಶ್ ಬಂದರು. ರಿತೇಶ್ ಎಂದರೆ ನಮ್ಮ ಕರಾವಳಿ ಕೂಟದ ಅಧ್ಯಕ್ಷರು. ಕಂಪೆನಿಯಲ್ಲಿ ಜನರಲ್ ಮ್ಯಾನೇಜರಿಗೆ ರಿಪೋರ್ಟ್ ಮಾಡುವವರಿಗೆ ರಿಪೋರ್ಟ್ ಮಾಡುವ ಹುದ್ದೆಯಲ್ಲಿದ್ದಾರೆ. ಆದರೆ ಕುತ್ತಿಗೆಯ ಐಡಿ ಕಾರ್ಡನ್ನು ಮದುವೆ ಊಟದಲ್ಲೂ ತೆಗೆಯುವುದಿಲ್ಲ. ಶನಿವಾರ ಬೆಳಿಗ್ಗೆ ಬೇರೆ ಬೇರೆ ಸಂಘಗಳ ನಡುವೆ ಪಿಸ್ತೂಲು ಸ್ಪರ್ಧೆ. ನಮ್ಮ ಕೂಟದಿಂದ ನಾಲ್ಕು ಜನ. ನಾನೂ ಇದ್ದೆ, ನನ್ನ ಗುಂಡುಗಳು ಎಲ್ಲಿಗೆ ಹೋದವು ಎಂಬುದನ್ನು ಮರುಭೂಮಿ ಇನ್ನೂ ಹೇಳಿಲ್ಲ. ರಿತೇಶರಿಗೆ ತಮ್ಮ ಗುಂಡುಗಳು ಎಲ್ಲಿಗೆ ಹೋಗುತ್ತವೆ ಎಂಬುದು ಗೊತ್ತಿತ್ತು, ಅದಕ್ಕೆ ಪಿಸ್ತೂಲೇ ಕಾರಣ ಎಂಬುದೂ ಗೊತ್ತಿತ್ತು. ಆದ್ದರಿಂದ ಕ್ಲಬ್ಬಿನ ಒಪ್ಪಿಗೆ ಪಡೆದು ಮೂರು ಬಗೆಯ ಹೊಸ ಸೈಟ್‌ಗಳನ್ನು ತರಿಸಿದ್ದರು.

"ತನಿಯಣ್ಣ, ಇದು ನೋಡಿ. ಮೂರು ಚುಕ್ಕಿ, ಮೂರೂ ಹೊಳೀತವೆ. ಕತ್ತಲೆಯಲ್ಲೂ ಕಾಣ್ತದೆ!"

"ಸ್ಪರ್ಧೆ ಬೆಳಿಗ್ಗೆ ಒಂಬತ್ತಕ್ಕೆ ಅಲ್ವಾ ಸರ್?"

"ಅಲ್ಲ, ಒಂದು ಲುಕ್ ಉಂಟಲ್ಲ."

"ಲುಕ್ ಉಂಟು. ಆದರೆ ಹೊಳೆಯುವ ಚುಕ್ಕಿ ಇಟ್ಟರೆ ನೀವು ಚುಕ್ಕಿಯನ್ನೇ ನೋಡ್ತೀರಿ. ಕಂಬದ ಎರಡೂ ಬದಿಯ ಬೆಳಕು ಸಮ ಉಂಟಾ ಇಲ್ವಾ ಅಂತ ನೋಡುವುದಿಲ್ಲ. ಬಂಗಾರದ ಮಣಿಯದ್ದೂ ಬೇಡ, ಬಿಸಿಲಿಗೆ ಒಂದು ಬದಿ ಮಾತ್ರ ಮಿಂಚ್ತದೆ, ಕಣ್ಣು ಅತ್ತ ಎಳೀತದೆ. ಈ ಕಪ್ಪು ಸಾಕು."

ಮೂರನೆಯದು ಒಂದಿಷ್ಟೂ ಹೊಳೆಯದ ಕಪ್ಪು ಸೈಟ್. ಹಿಂದಿನ ಕಚ್ಚು ಅಗಲ, ಮುಂದಿನ ಕಂಬ ತೆಳು, ನಡುವೆ ಬೆಳಕು ಧಾರಾಳ. ರಿತೇಶರಿಗೆ ಅದು ಸತ್ತವರ ಮನೆಯ ಕೊಡೆಯ ಹಾಗೆ ಕಂಡಿತು. ಆದರೆ ತನಿಯಣ್ಣ ಹದಿನೆಂಟು ವರ್ಷದ ಗಂಭೀರ ಮುಖ ಮಾಡಿದ್ದರಿಂದ ಒಪ್ಪಿದರು. ಆ ಅಗಲದ ಕಚ್ಚು ನಿಜಕ್ಕೂ ಬೇಕಾಗಿದ್ದುದು ರಿತೇಶರ ಕಣ್ಣಿಗಲ್ಲ, ತನ್ನ ಕಣ್ಣಿಗೆ ಎಂಬುದನ್ನು ತನಿಯಣ್ಣ ಹೇಳಲಿಲ್ಲ.

ಸೋಮವಾರ ಹಳೆಯ ಸೈಟ್ ಬಿಚ್ಚಿ ಹೊಸದನ್ನು ಕೂರಿಸಿದರು. ಜೊತೆಗಿದ್ದ ಕಾಗದ ಕಸದ ಬುಟ್ಟಿಗೆ ಹೋಯಿತು. ಮರಳಿನ ಚೀಲದ ಮೇಲೆ ಕೈಯಿಟ್ಟು ಇಪ್ಪತ್ತೈದು ಮೀಟರಿಗೆ ಐದು ಗುಂಡು ಹಾರಿಸಿದರು. ಒಂದೇ ಗುಂಡು ನೋಡಿ ತಿರುಪು ಮುಟ್ಟುವವರಲ್ಲ ಅವರು. ಐದೂ ಬಿದ್ದ ಮೇಲೆ ಅವುಗಳ ನಡು ಎಲ್ಲಿ ಎಂದು ನೋಡುವುದು ಕ್ರಮ. ಐದೂ ಒಟ್ಟಾಗಿ, ನಡುವಿನಿಂದ ಎರಡು ಬೆರಳು ಬಲಕ್ಕೆ ಕೂತಿದ್ದವು. ಹೊಸ ಸೈಟಿಗೆ ಇದು ಮಾಮೂಲು. ತಿರುಪಿನ ಪಕ್ಕದಲ್ಲಿ ಒಂದು ಬಾಣ, ಬಾಣದ ತುದಿಗೆ ಆರ್ ಎಂಬ ಅಕ್ಷರ. ಆರ್ ಅಂದರೆ ರೈಟ್. ಗುಂಡು ಎಡಕ್ಕೆ ಬರಬೇಕು, ಆದ್ದರಿಂದ ಬಾಣಕ್ಕೆ ವಿರುದ್ಧ ನಾಲ್ಕು ಕ್ಲಿಕ್. ಮತ್ತೆ ಐದು ಗುಂಡು.

ಮೂರು ಬೆರಳು ಬಲಕ್ಕೆ.

ಇನ್ನು ಎರಡು ಕ್ಲಿಕ್. ಮೂರೂವರೆ ಬೆರಳು.

ಬೇರೆ ಯಾರಾದರೂ ಆಗಿದ್ದರೆ ಬಾಣದ ಮೇಲೆ ಸಂಶಯಪಡುತ್ತಿದ್ದರು. ಆದರೆ ಹದಿನೆಂಟು ವರ್ಷದಲ್ಲಿ ಯಾವ ಬಾಣವೂ ತನಿಯಣ್ಣನಿಗೆ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಲು ಶುರು ಮಾಡಿದ್ದು ಕಣ್ಣು ಮಾತ್ರ. ಕಂಬ ನಡುವಿನಲ್ಲಿದೆ ಎಂದು ತನಗೆ ಕಾಣುವಾಗ ಅದು ನಿಜವಾಗಿ ಬಲಕ್ಕಿರಬೇಕು ಎಂದು ಅವರಿಗೆ ಖಾತ್ರಿಯಾಯಿತು. ಆ ಭಯ ಹೊಕ್ಕ ಮೇಲೆ ಒಂದೊಂದು ಗುಂಡಿಗೂ ಗುರಿಯನ್ನು ಅಂದಾಜಿನಲ್ಲಿ ಬದಲಿಸುತ್ತ ಹೋದರು. ಮಂಗಳವಾರದ ಐದು ಗುಂಡುಗಳು ಐದು ಪಕ್ಷಗಳ ಹಾಗೆ ಒಂದೊಂದು ಕಡೆ ಕೂತವು.

ಅಲ್ ವುಕೈರ್‌ನ ಮೂರನೇ ಮಹಡಿಯ ಫ್ಲಾಟಿನಲ್ಲಿ ಆ ವಾರ ಅವರು ಕೂತಲ್ಲಿ ಕೂರಲಿಲ್ಲ. ಸಂಜೆ ಬಂದವರೇ ಕಿಟಕಿಗೆ ಹೋಗುವುದು, ಎಡಗಣ್ಣು ಮುಚ್ಚಿ ಹೆಬ್ಬೆರಳು ಮುಂದೆ ಚಾಚಿ ಎದುರು ಕಟ್ಟಡದ ಬಟ್ಟೆಯ ಕ್ಲಿಪ್ಪಿಗೆ ಗುರಿ ಹಿಡಿಯುವುದು. ಆಮೇಲೆ ಬಲಗಣ್ಣು ಮುಚ್ಚಿ ನೋಡುವುದು. ಮತ್ತೆ ಎಡಗಣ್ಣು. ಅಡುಗೆಮನೆಗೆ ಹೋಗಿ ನೀರು ಕುಡಿದು ಪುನಃ ಕಿಟಕಿ. ಎಸಿಯ ರಿಮೋಟನ್ನು ದೂರ ಹಿಡಿದು, ಹತ್ತಿರ ಹಿಡಿದು, ಚಳಿಗಾಲದಲ್ಲಿ ಎಸಿ ಹಾಕಿ ಬಯ್ಯಿಸಿಕೊಳ್ಳುವುದು. ಬುಧವಾರ ಶರ್ಮಿಳಾಳ ಫೋನು ಬಡಿದುಕೊಂಡಿತು. ಎದುರು ಕಟ್ಟಡದ ರಾಹಿಲಾ. ಉಪ್ಪಿನಂಗಡಿಯ ಹೆಂಗಸು, ದನಿ ತಗ್ಗಿಸಿ ಗೊತ್ತಿಲ್ಲ.

"ಅಕ್ಕಾ, ನಿಮ್ಮವರಿಗೆ ಎಂಥ ಆಗಿದೆ? ಮೂರು ದಿನದಿಂದ ನಮ್ಮ ಬಾಲ್ಕನಿ ನೋಡಿ ಕಣ್ಣು ಹೊಡೀತಾರೆ. ಮೇಲಿಂದ ಹೆಬ್ಬೆರಳು ಬೇರೆ ತೋರಿಸ್ತಾರೆ!"

ಶರ್ಮಿಳಾ ಫೋನು ಇಟ್ಟು ಗಂಡನ ಹಿಂದೆ ಬಂದು ನಿಂತಳು. ಗಂಡ ಆಗಲೂ ಹೆಬ್ಬೆರಳು ಎತ್ತಿಕೊಂಡೇ ಇದ್ದರು.

"ಯಾರಿಗೆ ಓಕೆ ಹೇಳ್ತಾ ಇದ್ದೀರಿ?"

ಆಮೇಲೆ ಹೇಳದೆ ವಿಧಿಯಿರಲಿಲ್ಲ. ಪಿಸ್ತೂಲು ಝೀರೋ ಆಗುತ್ತಿಲ್ಲ, ಕಣ್ಣು ಹೋಗುತ್ತಿದೆ, ಕಣ್ಣು ಹೋದರೆ ಕೆಲಸ ಹೋಯಿತು. ಶರ್ಮಿಳಾ ನಗಬೇಕೆಂದು ಬಂದವಳು ನಗಲಿಲ್ಲ. "ಕನ್ನಡಕ ಹಾಕಿದರೆ ಆಗುವುದಿಲ್ವಾ?" ಎಂದಳು.

"ಕನ್ನಡಕ ಹಾಕಿದವನು ಕಟ್ಟಿದ ಚೀಟಿ ಯಾರು ನಂಬ್ತಾರೆ? ಮ್ಯಾನೇಜರು ನೋಡಿದರೆ ಆ ದಿನವೇ ಖಲಾಸ್."

ಗುರುವಾರ ಮಧ್ಯಾಹ್ನ ಜರ್ಟ್ರೂಡ್ ಬಾಯಮ್ಮ ಆಯುಧದ ಕೋಣೆಗೆ ಬಂದಾಗ ತನಿಯಣ್ಣ ಗುರಿಹಲಗೆಯ ಕಾಗದಗಳನ್ನು ಮೇಜಿನ ತುಂಬ ಹರಡಿಕೊಂಡು ತಲೆಗೆ ಕೈ ಕೊಟ್ಟಿದ್ದರು. ಬಾಯಮ್ಮನ ಕೈಯಲ್ಲಿ ಒಂದು ಸುಕ್ಕಾದ ಕಾಗದ.

"ಇದು ಕಸದ ಬುಟ್ಟಿಯಲ್ಲಿ ಸಿಕ್ಕಿತು. ಹೊಸ ಸೈಟಿನದ್ದು. ಫೈಲಿಗೆ ಹಾಕ್ಲಾ, ನೀನು ಓದ್ತೀಯಾ?"

"ಏನೂ ಹಾಕಬೇಡಿ ಬಾಯಮ್ಮ. ನನ್ನನ್ನೇ ಫೈಲಿಗೆ ಹಾಕಿ. ಕಣ್ಣು ಫೇಲ್ ಅಂತ ಬರೆದುಬಿಡಿ."

"ದೇವಾ! ಎಂಥ ಆಯ್ತು?"

ತನಿಯಣ್ಣ ವಾರದ ಕಥೆಯನ್ನೆಲ್ಲ ಹೇಳಿದರು. ಬಾಯಮ್ಮ ಕಾಗದ ತಿರುಗಿಸಿ ಮುರುಗಿಸಿ ನೋಡಿದರು. ಯಾವುದೋ ದೇಶದ ಭಾಷೆ, ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಒಂದು ಚಿತ್ರವಿತ್ತು.

"ಈ ಆರ್ ಅಂದರೆ ನೀನು ಎಂಥ ಅಂದುಕೊಂಡಿದ್ದಿ?"

"ರೈಟ್ ಪೋಯಿ" ಎಂದರು ತನಿಯಣ್ಣ, ಇದರಲ್ಲಿ ಕೇಳುವುದೇನುಂಟು ಎಂಬ ಹಾಗೆ.

ನಮ್ಮ ಊರಿನ ಬಸ್ಸುಗಳಲ್ಲಿ ಕಂಡಕ್ಟರ್ ಬಾಗಿಲಿಗೆ ಬಡಿದು ಕೂಗುವ ಮಾತು ಅದು. ರೈಟ್ ಅಂದರೆ ಎಲ್ಲ ಸರಿ, ಪೋಯಿ ಅಂದರೆ ತುಳುವಿನಲ್ಲಿ ಹೋಗೋಣ. ಎರಡು ವರ್ಷ ಬಾಗಿಲಲ್ಲಿ ನೇತಾಡಿ ಅದನ್ನೇ ಕೂಗಿದ ಮನುಷ್ಯನಿಗೆ, ಎಲ್ಲಿ ಆರ್ ಕಂಡರೂ ಅದು ಹೋಗು ಎನ್ನುವ ಅಪ್ಪಣೆಯೇ: ಬಾಣದ ಕಡೆ ತಿರುಗಿಸಿದರೆ ಗುಂಡು ಬಲಕ್ಕೆ ಹೋಗುತ್ತದೆ. ಅವರು ಅದುವರೆಗೆ ಕೂರಿಸಿದ ಸೈಟುಗಳೆಲ್ಲ ಆ ಅರ್ಥದವೇ ಆಗಿದ್ದವು.

"ಅಲ್ಲ ಮಾರಾಯ" ಎಂದರು ಬಾಯಮ್ಮ. "ಈ ಚಿತ್ರದಲ್ಲಿ ತೂತುಗಳು ಮೊದಲೇ ಬಲಕ್ಕೆ ಬಿದ್ದಾಗಿವೆ. ಅದರ ಕೆಳಗೆ ಆರ್, ಆಮೇಲೆ ಬಾಣ. ಗುಂಡು ರೈಟಿಗೆ ಹೋಗಿದ್ದರೆ ಹೀಗೆ ತಿರುಗಿಸು ಅಂತ. ಇದು ರೈಟ್ ಪೋಯಿ ಅಲ್ಲ, ರೈಟ್ ಪೋಂಡು."

ಪೋಂಡು ಅಂದರೆ ಹೋಯಿತು. ಬಸ್ಸಿನ ಒಳಗಿದ್ದವರು ಪೋಯಿ ಅನ್ನುತ್ತಾರೆ. ಓಡಿ ಬಂದು ಸ್ಟಾಪಿನಲ್ಲಿ ಬಾಕಿಯಾದವರು ಪೋಂಡು ಅನ್ನುತ್ತಾರೆ. ಕಾಲೇಜಿನ ಮೂರು ವರ್ಷ ಬಸ್ಸು ತಪ್ಪಿಸಿಕೊಂಡವರು ಜರ್ಟ್ರೂಡ್ ಬಾಯಮ್ಮ. ಅವರಿಗೆ ಆ ಮಾತು ಹೊಳೆದದ್ದು ಆಶ್ಚರ್ಯವಲ್ಲ.

ತನಿಯಣ್ಣ ಕಾಗದ ಕಿತ್ತುಕೊಂಡು ಕೈ ಚಾಚಿ ಹಿಡಿದರು. ಇನ್ನೂ ಚಾಚಿದರು.

"ಎಲ್ಲಿ ತೂತು?"

ಬಾಯಮ್ಮ ತಮ್ಮ ಕನ್ನಡಕ ತೆಗೆದು ಅವರ ಮೂಗಿನ ಮೇಲಿಟ್ಟರು. ಕೆಂಪು ಫ್ರೇಮು, ಕುತ್ತಿಗೆಗೆ ಮಣಿಸರ. ಚಿತ್ರದ ಐದು ತೂತುಗಳು ಸಾಸಿವೆ ಕಾಳಿನ ಹಾಗೆ ಎದ್ದು ಬಂದವು. ಹತ್ತೇ ನಿಮಿಷದಲ್ಲಿ ತಿರುಪು ಬಾಣದ ಕಡೆ ತಿರುಗಿತು. ಬೇಡವೆಂದರೂ ಬಾಯಮ್ಮ ಬಿಡಲಿಲ್ಲ. ತನಿಯಣ್ಣ ಕನ್ನಡಕ ಹಾಕಿಯೇ ಐದು ಗುಂಡು ಹಾರಿಸಿದರು. ಐದೂ ನಡುವಿನಲ್ಲಿ, ಒಂದು ಬೋಂಡ ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ. ಕಂಬದ ಅಂಚು ಹೊಸ ಬ್ಲೇಡಿನಂತೆ ಕಂಡಿತ್ತು. ತನಿಯಣ್ಣ ಚೀಟಿಗೆ ಸಹಿ ಹಾಕಿದರು. ಕನ್ನಡಕ ತೆಗೆದು, ಸುತ್ತಮುತ್ತ ನೋಡಿ, ವಾಪಸು ಕೊಟ್ಟರು.

"ಯಾರಿಗೂ ಹೇಳಬೇಡಿ."

"ಸೈಟಿಂದು ಹೇಳುವುದಿಲ್ಲ. ಕನ್ನಡಕದ್ದು ನೀನೇ ಹೇಳು."

ಶನಿವಾರ ರಿತೇಶರು ಕಪ್ಪು ಟೀ ಶರ್ಟು, ಕಪ್ಪು ಟೋಪಿ, ಐಡಿ ಕಾರ್ಡು ಸಮೇತ ಬಂದರು. ಅಭ್ಯಾಸದ ಐದು ಗುಂಡು ಹಾರಿಸಿದರು. ಐದೂ ಎಡಕ್ಕೆ, ಕೆಳಗೆ. ಟ್ರಿಗರನ್ನು ಲಿಫ್ಟಿನ ಗುಂಡಿಯ ಹಾಗೆ ಕುಟ್ಟುವವರಿಗೆ ಅಲ್ಲಿಗೇ ಬೀಳುವುದು. ಆದರೆ ಮ್ಯಾನೇಜರರು ಪಕ್ಕದಲ್ಲೇ ನಿಂತಿದ್ದರು. ಅಧ್ಯಕ್ಷರಾದವರು ತಪ್ಪನ್ನು ತಾವೇ ಇಟ್ಟುಕೊಳ್ಳುವುದುಂಟೇ?

"ಈ ಸೈಟ್ ಔಟ್ ಉಂಟು ಸರ್. ಝೀರೋ ಸರಿ ಆಗಿಲ್ಲ" ಎಂದು ಮೊದಲು ಕನ್ನಡದಲ್ಲಿ ನಮಗೂ, ಆಮೇಲೆ ಇಂಗ್ಲಿಷಿನಲ್ಲಿ ಮ್ಯಾನೇಜರರಿಗೂ ಹೇಳಿದರು.

ಮ್ಯಾನೇಜರರು ಚೀಟಿಯ ಸಹಿ ನೋಡಿದರು. ಆಮೇಲೆ ತನಿಯಣ್ಣನನ್ನು ನೋಡಿದರು. "ಹಾರಿಸಿ ತೋರಿಸು" ಎಂದರು.

ತನಿಯಣ್ಣ ಪಿಸ್ತೂಲು ಕೈಗೆತ್ತಿಕೊಂಡರು. ಕೈ ಚಾಚಿದರು, ಇಳಿಸಿದರು. ಮತ್ತೆ ಚಾಚಿದರು. ಕಂಬ ಮಸುಕು. ಹಾಗೇ ಹಾರಿಸಿ ಗುಂಡು ಚದುರಿದರೆ ಸಹಿ ಸುಳ್ಳಾಗುತ್ತದೆ. ಕನ್ನಡಕ ಹಾಕಿದರೆ ಕಣ್ಣಿನ ಗುಟ್ಟು ರಟ್ಟಾಗುತ್ತದೆ. ಕೊನೆಗೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಹಿಂದೆ ತಿರುಗಿ, "ಬಾಯಮ್ಮಾ" ಎಂದು ಕರೆದರು. ಅಂಕ ಬರೆಯುತ್ತಿದ್ದ ಜರ್ಟ್ರೂಡ್ ಬಾಯಮ್ಮ ಎದ್ದು ಬಂದು ಕನ್ನಡಕ ಕೊಟ್ಟರು. ನೂರು ಜನರ ಎದುರು ತನಿಯಣ್ಣ ಕೆಂಪು ಕನ್ನಡಕ ಹಾಕಿ, ಮಣಿಸರವನ್ನು ಕಿವಿಯ ಹಿಂದೆ ಸರಿಸಿದರು. ಯಾರೋ ಸೀಟಿ ಹೊಡೆದರು. ಐದು ಗುಂಡು ಹೋದವು.

ಗುರಿಹಲಗೆಯ ಕಾಗದ ತಂದು ತೋರಿಸಿದಾಗ ಸೀಟಿ ನಿಂತಿತ್ತು. ಐದೂ ತೂತು ಮುಚ್ಚಲು ಒಂದು ಬೋಂಡವೂ ಬೇಕಾಗಿರಲಿಲ್ಲ, ಗೋಳಿಬಜೆಯ ಚೂರು ಸಾಕಿತ್ತು.

ಮ್ಯಾನೇಜರರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಯಾವಾಗಿನಿಂದ ಕನ್ನಡಕ?"

"ಮೊನ್ನೆಯಿಂದ ಸರ್. ಬೇಕಾಗಿದ್ದದ್ದು ಒಂದು ವರ್ಷದಿಂದ."

ಅವರು ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬಾಯಮ್ಮನ ಕಡೆ ತಿರುಗಿ, "ಇವರ ಫಾರಂನಲ್ಲಿ ಕನ್ನಡಕ ಸಮೇತ ಅಂತ ಬರೆಯಿರಿ. ಭಾನುವಾರ ಸರ್ಟಿಫಿಕೇಟ್ ತರಲಿ" ಎಂದರು. ಎರಡು ಹೆಜ್ಜೆ ಹೋಗಿ ನಿಂತು, "ಗಂಡಸರ ಫ್ರೇಮು" ಎಂದು ಸೇರಿಸಿದರು.

ರಿತೇಶರು ಆ ದಿನ ಹದಿನೇಳನೆಯವರಾಗಿ ಬಂದರು. ಮೂರು ಚುಕ್ಕಿಯ ಸೈಟ್ ಹಾಕಿದ್ದರೆ ಕಥೆಯೇ ಬೇರೆ ಎಂದು ಈಗಲೂ ಹೇಳುತ್ತಾರೆ.

ಬಿನ್ ಮಹಮೂದ್ ಬಡಾವಣೆಯ ಅಂಗಡಿಯೊಂದರಲ್ಲಿ ತನಿಯಣ್ಣನಿಗೆ ಕಪ್ಪು ಫ್ರೇಮಿನ ಕನ್ನಡಕವಾಯಿತು, ಕಾಂಟ್ರಾಕ್ಟೂ ಆಯಿತು. ಆದರೆ ಚಡಪಡಿಕೆ ಪೂರ್ತಿ ಹೋಗಿಲ್ಲ. ಸಂಜೆ ಆದರೆ ಕಿಟಕಿಗೆ ಹೋಗಿ, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ, ಎಡಗಣ್ಣು ಮುಚ್ಚಿ ಹೆಬ್ಬೆರಳು ಚಾಚುತ್ತಾರೆ. ಗುರಿ ಹಿಡಿಯಲು ಕ್ಲಿಪ್ಪು ಮಾತ್ರ ಕಾಣುವುದಿಲ್ಲ. ರಾಹಿಲಾ ಬಾಲ್ಕನಿಗೆ ದಪ್ಪ ಪರದೆ ಹಾಕಿಸಿದ್ದಾಳೆ.